ಟಂಕಸಾಲೆಯ ಬುನಾದಿಯ ಮೇಲೆ ಒಂದು ಕಾಲೇಜು

ಯೂನಿವರ್ಸಿಟಿ ಆಫ್ ನಾರ್ತ್ ಜಾರ್ಜಿಯಾ ನಮ್ಮ ಕಮ್ಮಿಂಗ್ ಕನ್ನಡಿಗರಿಗೆ ಅಪರಿಚಿತವಲ್ಲ. ನಮ್ಮೂರಿನಲ್ಲಿರುವ ಅದರ ಆವರಣ 2012ರಲ್ಲಿ ತೆರೆದದ್ದು. ಇನ್ನೂ ಹೊಸ ಕೂಸು. ಆದರೆ ಈ ವಿಶ್ವವಿದ್ಯಾಲಯದ ತಾಯಿಬೇರು ಇರುವುದು ಉತ್ತರದ ಬೆಟ್ಟಗಳ ನಡುವಿನ ಡಲಾನೆಗಾದಲ್ಲಿ. ಕಾರಿನಲ್ಲಿ ಒಂದು ಗಂಟೆಯೂ ಬೇಡ. ಅಲ್ಲಿನ ಪ್ರೈಸ್ ಮೆಮೋರಿಯಲ್ ಹಾಲ್ ಎಂಬ ಹಳೆಯ ಕಟ್ಟಡದ ಶಿಖರಕ್ಕೆ ಚಿನ್ನದ ತಗಡಿನ ಹೊದಿಕೆಯುಂಟು. ಶಿಖರದ ಚಿನ್ನ ಎಲ್ಲರಿಗೂ ಕಾಣುತ್ತದೆ. ಬುನಾದಿಯ ಕಥೆ ಮಾತ್ರ ಕೇಳಿದವರಿಗಷ್ಟೇ ತಿಳಿಯುತ್ತದೆ.

ಡಲಾನೆಗಾ ಎಂಬುದು ಚೆರೊಕೀ ಭಾಷೆಯ 'ಹಳದಿ' ಎಂಬರ್ಥದ ಮಾತಿನಿಂದ ಬಂದ ಹೆಸರು. ನಾವಾಗಿದ್ದರೆ ಹೊನ್ನೂರು ಎನ್ನುತ್ತಿದ್ದೆವೇನೋ! 1829ರ ಹೊತ್ತಿಗೆ ಇಲ್ಲಿ ಚಿನ್ನ ಸಿಕ್ಕ ಸುದ್ದಿ ಹಬ್ಬಿ ಸಾವಿರಾರು ಜನ ನುಗ್ಗಿದರು. ಕ್ಯಾಲಿಫೋರ್ನಿಯಾದ ಚಿನ್ನದ ಹುಚ್ಚಿಗೆ ಆಗಿನ್ನೂ ಸುಮಾರು ಇಪ್ಪತ್ತು ವರ್ಷ ಬಾಕಿಯಿತ್ತು.

ನೆಲ ಮಾತ್ರ ಚೆರೊಕೀ ಜನರದು. ಅವರನ್ನು ಕಾಡುಜನರೆಂದು ತಿಳಿದರೆ ತಪ್ಪು. ಸಿಕ್ವೋಯಾ ಎಂಬಾತ 1821ರ ವೇಳೆಗೆ ಅವರ ನುಡಿಗೆ ಲಿಪಿಯನ್ನೇ ರಚಿಸಿದ್ದ. ನಮ್ಮ ಕಾಗುಣಿತದ ಹಾಗೆಯೇ ಒಂದೊಂದು ಉಚ್ಚಾರಕ್ಕೆ ಒಂದೊಂದು ಅಕ್ಷರ. 1828ರಲ್ಲಿ ನ್ಯೂ ಎಕೋಟಾದಿಂದ 'ಚೆರೊಕೀ ಫೀನಿಕ್ಸ್' ಎಂಬ ಪತ್ರಿಕೆ ಹೊರಟಿತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಬಂದದ್ದು 1843ರಲ್ಲಿ. ಅಂದರೆ ನಮಗಿಂತ ಹದಿನೈದು ವರ್ಷ ಮೊದಲೇ ಅವರ ನುಡಿ ಅಚ್ಚಿನಲ್ಲಿ ಸುದ್ದಿ ಹೇಳುತ್ತಿತ್ತು.

ಜಾರ್ಜಿಯಾ ಸರ್ಕಾರ 1832ರಲ್ಲಿ ಆ ನೆಲವನ್ನು ತುಂಡು ಮಾಡಿ ಲಾಟರಿ ಎತ್ತಿ ಹಂಚಿತು. ಚಿನ್ನ ಸಿಗಬಹುದಾದ ಕಡೆ ಒಂದೊಂದು ತುಂಡು 40 ಎಕರೆ. ಅದೇ ವರ್ಷ ನಮ್ಮ ಫೋರ್ಸೈತ್ ಕೌಂಟಿಯೂ ಹುಟ್ಟಿತು. ನಂಬಿಕೆಯಾಗದಿದ್ದರೆ ಬೀರುವಿನಿಂದ ನಿಮ್ಮ ಮನೆಯ ಕ್ರಯಪತ್ರ ತೆಗೆದು ನೋಡಿ. ಅದರಲ್ಲಿ ಬರೆದಿರುವ ಲ್ಯಾಂಡ್ ಲಾಟ್, ಡಿಸ್ಟ್ರಿಕ್ಟ್, ಸೆಕ್ಷನ್ ಎಂಬ ನಂಬರುಗಳು ಆ ಹಂಚಿಕೆಗೆಂದು ಮಾಡಿದ ಅಳತೆಯಿಂದಲೇ ಬಂದವು.

1838ರಲ್ಲಿ ಡಲಾನೆಗಾದಲ್ಲಿ ಕೇಂದ್ರ ಸರ್ಕಾರದ ಟಂಕಸಾಲೆ ನಾಣ್ಯ ಹಾಕಲು ತೊಡಗಿತು. ಅದೇ 1838ರಲ್ಲಿ ಸೈನಿಕರು ಚೆರೊಕೀ ಜನರನ್ನು ಮನೆಗಳಿಂದ ಎಬ್ಬಿಸಿ, ಪಶ್ಚಿಮದ ಈಗಿನ ಒಕ್ಲಹೋಮಾಕ್ಕೆ ಅಟ್ಟಿದರು. ದಾರಿಯಲ್ಲೂ ಶಿಬಿರಗಳಲ್ಲೂ ಸತ್ತವರು ಸುಮಾರು ನಾಲ್ಕು ಸಾವಿರವೆಂದು ಅಂದಾಜು. 'ಕಣ್ಣೀರಿನ ಹಾದಿ' ಎಂದು ಚರಿತ್ರೆ ಕರೆಯುವುದು ಇದನ್ನೇ. ಜನ ಹೋದರು, ಅವರಿಟ್ಟ ಮಾತು ಊರ ಹೆಸರಾಗಿ ಉಳಿಯಿತು.

ಟಂಕಸಾಲೆ 1861ರವರೆಗೆ ಅರವತ್ತು ಲಕ್ಷ ಡಾಲರಿಗೂ ಮೀರಿದ ಚಿನ್ನದ ನಾಣ್ಯ ಹೊಯ್ದು, ಅಂತರ್ಯುದ್ಧ ಬಂದಾಗ ಮುಚ್ಚಿತು. 2001ರಲ್ಲಿ ಕೋಲಾರದ ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್. ಪಟ್ಟ ಪಾಡನ್ನು ಬಲ್ಲ ನಮಗೆ, ಚಿನ್ನ ನಂಬಿದ ಊರಿನ ಗತಿ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಡಲಾನೆಗಾಕ್ಕೆ ಒಬ್ಬ ವಿಲಿಯಂ ಪಿಯರ್ಸ್ ಪ್ರೈಸ್ ಇದ್ದರು. ಕಾಂಗ್ರೆಸ್ ಸದಸ್ಯರಾಗಿದ್ದ ಅವರ ಪ್ರಯತ್ನದಿಂದ ಬರಿದಾಗಿದ್ದ ಟಂಕಸಾಲೆಯ ಕಟ್ಟಡ ವಿದ್ಯೆಗೆ ದೊರೆತು, 1873ರಲ್ಲಿ ನಾರ್ತ್ ಜಾರ್ಜಿಯಾ ಅಗ್ರಿಕಲ್ಚರಲ್ ಕಾಲೇಜು ಆರಂಭವಾಯಿತು. ಮೊದಲಿನಿಂದಲೇ ಹೆಣ್ಣುಮಕ್ಕಳಿಗೂ ಪ್ರವೇಶವಿತ್ತು. 1879ರ ಮೊದಲ ಪದವೀಧರರ ಸಾಲಿನಲ್ಲಿ ವಿಲ್ಲೀ ಲೂಯಿಸ್ ಎಂಬ ಯುವತಿಯೂ ಇದ್ದಳು. ಜಾರ್ಜಿಯಾದ ಸರ್ಕಾರಿ ಕಾಲೇಜೊಂದರಲ್ಲಿ ಪದವಿ ಪಡೆದ ಮೊದಲ ಹೆಣ್ಣುಮಗಳು ಆಕೆ.

ಇದರ ನಡುವೆ 1878ರ ಡಿಸೆಂಬರಿನಲ್ಲಿ ಕಟ್ಟಡ ಬೆಂಕಿಗೆ ಆಹುತಿಯಾಯಿತು. ಊರವರು ಎದೆಗುಂದದೆ ಅದೇ ಬುನಾದಿಯ ಮೇಲೆ ಹೊಸ ಕಟ್ಟಡ ಎಬ್ಬಿಸಿದರು. ಅದೇ ಇಂದಿನ ಪ್ರೈಸ್ ಮೆಮೋರಿಯಲ್. 1973ರಲ್ಲಿ ಕಾಲೇಜಿಗೆ ನೂರು ತುಂಬಿದಾಗ ಶಿಖರಕ್ಕೆ ಡಲಾನೆಗಾದ ಚಿನ್ನವನ್ನೇ ಹೊದಿಸಿದರು. 2013ರಲ್ಲಿ ಈ ಕಾಲೇಜೂ ಗೇನ್ಸ್‌ವಿಲ್ ಸ್ಟೇಟ್ ಕಾಲೇಜೂ ಕೂಡಿ ಇಂದಿನ ವಿಶ್ವವಿದ್ಯಾಲಯವಾಯಿತು.

ಶರತ್ಕಾಲದಲ್ಲಿ ಎಲೆಗಳ ಬಣ್ಣ ನೋಡಲು ನಾವೆಲ್ಲ ಆ ಕಡೆ ಹೋಗುವವರೇ. ಈ ಸಲ ಮಕ್ಕಳನ್ನು ಆ ಕಟ್ಟಡದ ಮುಂದೆಯೂ ನಿಲ್ಲಿಸಿ. ವಿಲ್ಲೀ ಲೂಯಿಸ್ ಕಥೆ ಹೇಳಿದರೆ ಓದಿನ ಬೆಲೆ ತಿಳಿದೀತು. ಸಿಕ್ವೋಯಾನ ಕಥೆಯನ್ನೂ ಸೇರಿಸಿ ಹೇಳಿ. ಭಾನುವಾರದ ಕನ್ನಡ ತರಗತಿಗೆ ಬರಲು ಗೊಣಗುವ ಮಕ್ಕಳಿಗೆ, ತಮ್ಮದೇ ಲಿಪಿ ಕಟ್ಟಿ, ಪತ್ರಿಕೆ ನಡೆಸಿ, ನೆಲ ಕಳೆದುಕೊಂಡ ಮೇಲೂ ನುಡಿಯನ್ನು ಬಿಡದ ಜನರ ಸಂಗತಿ ಯಾವ ಉಪದೇಶಕ್ಕಿಂತಲೂ ಚೆನ್ನಾಗಿ ನಾಟುತ್ತದೆ.