ಹುಳುವಿನ ಕೋಣೆಗೆ ಬಂದ ಹವಾಯಂತ್ರ

ಕೊಳ್ಳೇಗಾಲದ ಸೀಮೆಯ ಜನ ಬೇಸಗೆಯನ್ನು ಬೇವಿನ ಮರದ ನೆರಳಿನಲ್ಲಿಯೂ ಮಾಗಿಯ ಚಳಿಯನ್ನು ಒಂದು ಕಂಬಳಿಯಲ್ಲಿಯೂ ಕಳೆದವರು. ಕಬ್ಬಿನ ಗದ್ದೆಗಳ ನಡುವೆ, ಸಕ್ಕರೆ ಕಾರ್ಖಾನೆಯಿಂದ ಹೆಸರಾದ ಕುಂತೂರಿನಂಥ ಊರಿನಲ್ಲಿ ಕೋಣೆಯನ್ನು ತಣಿಸುವುದರ ಜೊತೆಗೆ ಕಾಯಿಸಲೂ ಬಲ್ಲ ಯಂತ್ರಕ್ಕೆ ಏನು ಕೆಲಸವೆಂದು ನಗರವಾಸಿಗಳು ಕೇಳಬಹುದು. ತಣಿಸುವುದು ಸರಿ, ಕಾಯಿಸುವುದು ಯಾರಿಗಾಗಿ? ಉತ್ತರ ವಿಚಿತ್ರವಾಗಿದ್ದರೂ ನಿಜ: ರೇಷ್ಮೆಯ ಹುಳುವಿಗಾಗಿ.

೧೯೫೬ರ ನವೆಂಬರ್ ೧ರಂದು ಮೈಸೂರು ರಾಜ್ಯಕ್ಕೆ ಸೇರುವ ಮುನ್ನ ಕೊಳ್ಳೇಗಾಲವು ಮದ್ರಾಸಿನ ಆಡಳಿತದಲ್ಲಿ, ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಅಂದೂ ಇದು ಹಿಪ್ಪುನೇರಳೆಯ ನಾಡು. ಗೂಡು ಬೆಳೆಯುವ ಕಸುಬು ಇಲ್ಲಿಗೆ ಹೊಸದಲ್ಲ. ಹುಳು ಮತ್ತು ಮನುಷ್ಯ ಒಂದೇ ಸೂರಿನಡಿ ಬಾಳುವುದು ಈ ಸೀಮೆಯ ಹಳೆಯ ಪದ್ಧತಿ. ನಡುಮನೆಯಲ್ಲಿ ತಟ್ಟೆಗಳು, ಮೂಲೆಯಲ್ಲಿ ತೊಟ್ಟಿಲು!

ಹುಳುವಿಗೆ ತನ್ನದೆಂಬ ಮೈಬಿಸಿ ಇಲ್ಲ. ಸುತ್ತಲಿನ ಗಾಳಿ ಎಷ್ಟು ಬಿಸಿಯೋ ಅದರ ಮೈಯೂ ಹೆಚ್ಚುಕಡಿಮೆ ಅಷ್ಟೇ. ಇಂಥ ಜೀವಿಯು ಪೊರೆ ಬಿಡುವ ಹೊತ್ತಿನಲ್ಲಿ ಮೇವು ಬಿಟ್ಟು ತಲೆಯೆತ್ತಿ ನಿಶ್ಚಲವಾಗಿ ಮಲಗುವುದನ್ನು ನಮ್ಮ ರೈತರು ‘ಜ್ವರ’ ಎಂದು ಕರೆದರು. ಮೈ ಕಾಯದ ಪ್ರಾಣಿಗೆ ಜ್ವರವೆಂಬ ಹೆಸರು! ಆದರೂ ಮಲಗಿದ ಮಗುವನ್ನು ಕಂಡ ತಾಯಿಯ ಕಣ್ಣು ಆ ಪದದಲ್ಲಿ ಇದೆ. ಮೊದಲನೆಯ ಜ್ವರದವರೆಗೆ ಹುಳುವಿಗೆ ೨೮ ಡಿಗ್ರಿ ಸೆಲ್ಸಿಯಸ್ ಉಷ್ಣತೆಯೂ ನೂರಕ್ಕೆ ೮೫-೯೦ರಷ್ಟು ತೇವಾಂಶವೂ ಹಿತ. ಎರಡನೆಯ ಹಂತದಲ್ಲಿ ೨೭ ಡಿಗ್ರಿ. ದೊಡ್ಡದಾದಂತೆ ಹಿತದ ಅಳತೆ ಇಳಿಯುತ್ತ, ಗೂಡು ಕಟ್ಟುವ ಮುಂಚಿನ ಕೊನೆಯ ಹಂತದಲ್ಲಿ ೨೪ ಡಿಗ್ರಿಗೂ ೭೦ರಷ್ಟು ತೇವಾಂಶಕ್ಕೂ ಬರುತ್ತದೆ. ಎಳೆಯ ಹುಳುವನ್ನು ಸಾಕುವ ಮೊದಲಿನ ಈ ಎರಡು ಹಂತಗಳಿಗೆ ಚಾಕಿ ಎಂದು ಹೆಸರು. ಚಾಕಿ ಕೆಟ್ಟರೆ ಮುಂದೆ ಎಷ್ಟೇ ಸೊಪ್ಪು ಸುರಿದರೂ ಬೆಳೆ ಚೇತರಿಸುವುದು ಕಷ್ಟ. ನೂರು ಮೊಟ್ಟೆಯೆಂದು ರೈತ ತರುವುದು ನೂರು ಚಿಟ್ಟೆಗಳು ಇಟ್ಟ ಮೊಟ್ಟೆಯ ಗುಂಪು. ಅದರಿಂದ ಹೊರಬರುವ ಹುಳುಗಳು ನಲವತ್ತು ಐವತ್ತು ಸಾವಿರ. ಅಷ್ಟೂ ಜೀವ ಒಂದು ಕೋಣೆಯ ಗಾಳಿಯನ್ನು ನೆಚ್ಚಿರುತ್ತದೆ.

ಮಾರ್ಗಶಿರ ಪುಷ್ಯಗಳ ರಾತ್ರಿಯಲ್ಲಿ ಈ ಗಾಳಿಯನ್ನು ಬೆಚ್ಚಗಿಡಲು ಹಿಂದಿನವರು ಇದ್ದಿಲ ಕೆಂಡದ ಒಲೆಯನ್ನು ಕೋಣೆಯಲ್ಲಿ ಇರಿಸುತ್ತಿದ್ದರು. ಬೇಸಗೆಯಲ್ಲಿ ಕಿಟಕಿಗೆ ಒದ್ದೆ ಗೋಣಿಯ ಪರದೆ. ಗೋಣಿಯ ಉಪಾಯ ಇಂದಿಗೂ ಸೊಗಸಾದದ್ದೇ. ಕೆಂಡದ ಮಾತು ಹಾಗಲ್ಲ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡವು ವಾಸನೆಯಿಲ್ಲದ ವಿಷಾನಿಲವನ್ನು ಬಿಡುತ್ತದೆ. ಹುಳುವಿಗೂ ಕೇಡು, ಕಾವಲಿಗೆ ಮಲಗಿದ ಮನುಷ್ಯನ ಪ್ರಾಣಕ್ಕೂ ಸಂಚಕಾರ.

ಹವಾಯಂತ್ರ ಬರುವುದು ಈ ಕೆಂಡದ ಜಾಗಕ್ಕೆ. ಅದು ಶಾಖವನ್ನು ಹುಟ್ಟಿಸುವುದಿಲ್ಲ, ಸಾಗಿಸುತ್ತದೆ. ತಣಿಸುವಾಗ ಕೋಣೆಯ ಶಾಖವನ್ನು ತಾಮ್ರದ ಕೊಳವೆಯ ಮೂಲಕ ಹೊರಗೆ ಹಾಕುತ್ತದೆ. ಕಾಯಿಸುವಾಗ ಒಂದು ಕವಾಟ ಹೊರಳಿ, ಅನಿಲದ ದಾರಿ ತಿರುಗಿ, ಹೊರಗಿನ ಗಾಳಿಯ ಶಾಖವೇ ಒಳಗೆ ಬರುತ್ತದೆ. ಒಂದು ಪಾಲು ವಿದ್ಯುತ್ತಿಗೆ ಸುಮಾರು ಮೂರು ಪಾಲು ಶಾಖ ದೊರೆಯುವುದು ಇದೇ ಕಾರಣದಿಂದ. ಕೆಂಪಗೆ ಕಾಯುವ ತಂತಿಯ ಹೀಟರು ಒಂದಕ್ಕೆ ಒಂದನ್ನೇ ಕೊಡುತ್ತದೆ. ಅಂಗಡಿಯ ಎಲ್ಲ ಯಂತ್ರಗಳಿಗೂ ಕಾಯಿಸುವ ವಿದ್ಯೆ ಬಾರದು. ಕೊಳ್ಳುವಾಗ ಕೇಳಿಯೇ ಕೊಳ್ಳಬೇಕು.

ಗೋಡೆಗೆ ಹೊಸದಾಗಿ ಕೂರಿಸಿದ ಯಂತ್ರವನ್ನು ಮೊದಲ ಬಾರಿ ನಡೆಸುವ ದಿನ ಮನೆಯಲ್ಲಿ ಒಂದು ಬಗೆಯ ಉತ್ಸವವೇ ಸರಿ. ಅರಿಶಿನ ಕುಂಕುಮ ಹಚ್ಚುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ಗುಂಡಿ ಒತ್ತುವ ಮುನ್ನ ಕೆಲಸಗಾರನನ್ನು ನಾಲ್ಕು ಮಾತು ಕೇಳುವುದು ಲೇಸು. ಕೊಳವೆಯೊಳಗಿನ ಗಾಳಿಯನ್ನೂ ತೇವವನ್ನೂ ಪಂಪಿನಿಂದ ಪೂರ್ತಿ ಹೀರಿ ತೆಗೆದನೇ? ಹೀರಿದ ಮೇಲೆ ಮಾಪಕದ ಮುಳ್ಳು ಕದಲದೆ ನಿಂತಿತೇ? ಮುಳ್ಳು ಹಿಂದೆ ಸರಿದರೆ ಎಲ್ಲಿಯೋ ಸೋರಿಕೆಯುಂಟು. ಇಂದಿನ ಎಷ್ಟೋ ಯಂತ್ರಗಳಲ್ಲಿ ತುಂಬುವ ಆರ್-೩೨ ಎಂಬ ಅನಿಲಕ್ಕೆ ಅಲ್ಪಸ್ವಲ್ಪ ಉರಿಯುವ ಗುಣವೂ ಉಂಟಾದ್ದರಿಂದ, ಯಂತ್ರವಿರುವ ಕೋಣೆಗೆ ಕೆಂಡದ ಒಲೆಯನ್ನು ಮತ್ತೆ ತರುವ ಮಾತೇ ಇಲ್ಲ. ಭೂಸಂಪರ್ಕದ ತಂತಿ ನಿಜವಾಗಿ ನೆಲ ಮುಟ್ಟಿದೆಯೇ? ಹಳ್ಳಿಯ ವಿದ್ಯುತ್ತಿನ ಒತ್ತಡ ಹೊಯ್ದಾಡುವಂಥದು. ಅದನ್ನು ತಡೆಯುವ ಸ್ಟೆಬಿಲೈಸರು ಯಂತ್ರದ ಗಾತ್ರಕ್ಕೆ ತಕ್ಕುದಾಗಿದೆಯೇ?

ಆಮೇಲೆ ಯಂತ್ರ ತಣಿಸಲಿ. ಕಾಲು ಗಂಟೆಯಲ್ಲಿ ಒಳಹೋಗುವ ಗಾಳಿಗೂ ಹೊರಬರುವ ಗಾಳಿಗೂ ಹತ್ತು ಡಿಗ್ರಿಯ ಆಸುಪಾಸು ಅಂತರ ಕಾಣಬೇಕು. ನೀರಿನ ಕೊಳವೆ ಹೊರಗೆ ತೊಟ್ಟಿಕ್ಕಬೇಕು. ಬಳಿಕ ನಿಲ್ಲಿಸಿ ಕಾಯಿಸಲು ಹಚ್ಚಿದರೆ ಕೂಡಲೇ ಏನೂ ಆಗದು. ಮೂರು ನಿಮಿಷ ತಾಳಬೇಕು. ಯಂತ್ರ ತನ್ನನ್ನು ಕಾಪಾಡಿಕೊಳ್ಳುವ ಕ್ರಮವದು. ಅನಂತರ ‘ಬುಸ್’ ಎಂಬ ಸದ್ದು. ಹಾವೆಂದು ಹೆದರಬೇಕಿಲ್ಲ, ಕವಾಟ ಹೊರಳಿತು. ಈಗ ಹೊರಗಿನ ಪೆಟ್ಟಿಗೆಯ ಮೈ ತಣ್ಣಗಾಗಿ ನೀರಿಳಿಯುತ್ತದೆ. ಹೊಸ ಯಂತ್ರ ಸೋರುತ್ತಿದೆಯೆಂದು ಮನೆಮಂದಿ ಗಾಬರಿಯಾಗುವುದು ಇಲ್ಲಿಯೇ. ಅದು ಗಾಳಿಯ ತೇವ, ಬೇರೇನಲ್ಲ.

ಇಷ್ಟರಿಂದ ಮನುಷ್ಯನ ಕೋಣೆ ಸಿದ್ಧ. ಹುಳುವಿನದು ಇನ್ನೂ ಇಲ್ಲ. ೧೯೦೨ರಲ್ಲಿ ಅಮೆರಿಕದ ವಿಲಿಸ್ ಕ್ಯಾರಿಯರ್ ಎಂಬ ತರುಣ ಇಂಜಿನಿಯರು ಈ ಯಂತ್ರದ ಮೂಲರೂಪವನ್ನು ಯೋಜಿಸಿದ್ದು ಮನುಷ್ಯರ ಸುಖಕ್ಕಲ್ಲ. ಬ್ರೂಕ್ಲಿನ್ನಿನ ಮುದ್ರಣಾಲಯವೊಂದರ ಕಾಗದ ತೇವಕ್ಕೆ ಹಿಗ್ಗಿ ಬಣ್ಣಗಳು ಸರಿಯಾಗಿ ಕೂರದಿದ್ದುದಕ್ಕೆ. ಗಾಳಿಯ ತೇವವನ್ನು ಕಳೆಯುವುದು ಇದರ ಹುಟ್ಟುಗುಣ. ಚಾಕಿ ಹುಳುವಿಗೆ ಬೇಕಾದುದು ನೇರ ವಿರುದ್ಧ. ಗಾಳಿ ಒಣಗಿದರೆ ಎಳೆಯ ಸೊಪ್ಪು ಬಾಡುತ್ತದೆ. ಬಾಡಿದ ಸೊಪ್ಪನ್ನು ಮರಿಹುಳು ತಿನ್ನಲಾರದು. ಆದುದರಿಂದ ತಟ್ಟೆಗಳ ಮೇಲೆ ಮೇಣದ ಕಾಗದ, ಅಂಚಿಗೆ ಒದ್ದೆ ಸ್ಪಂಜಿನ ಪಟ್ಟಿ, ಕೋಣೆಗೆ ತೇವ ತುಂಬುವ ಇನ್ನೊಂದು ಸಲಕರಣೆ ಇವು ಜೊತೆಗಿರಲೇಬೇಕು. ಗಾಳಿಯ ಬಾಯಿ ಸೂರಿನ ಕಡೆಗೆ ತಿರುಗಿರಬೇಕು, ತಟ್ಟೆಯ ಕಡೆಗಲ್ಲ. ಯಂತ್ರದ ಮೇಲೆ ಮೂಡುವ ಅಂಕಿಯನ್ನು ನಂಬುವುದಕ್ಕಿಂತ ತಟ್ಟೆಯ ಮಟ್ಟದಲ್ಲಿ ತೂಗುಹಾಕಿದ ಉಷ್ಣಮಾಪಕವನ್ನು ನಂಬುವುದು ಜಾಣತನ.

ಇನ್ನೊಂದು ಎಚ್ಚರ. ಹುಳು ಬರುವ ಮುನ್ನ ಕೋಣೆಯನ್ನು ಬ್ಲೀಚಿಂಗ್ ಪುಡಿಯಿಂದಲೋ ಫಾರ್ಮಲಿನ್ನಿನಿಂದಲೋ ಶುದ್ಧಿಮಾಡುವುದುಂಟು. ಈ ಮದ್ದುಗಳ ಆವಿ ಲೋಹವನ್ನು ತಿನ್ನುತ್ತದೆ. ಶುದ್ಧಿಯ ಹೊತ್ತಿಗೆ ಯಂತ್ರ ನಿಂತಿರಬೇಕು, ಅದರ ಮೈ ಮುಚ್ಚಿರಬೇಕು. ಆವಿಯೆಲ್ಲ ಹೊರಟ ಮೇಲೆ ನಡೆಸಬೇಕು. ಜ್ವರದ ಹುಳುವಿಗೆ ಎರಚುವ ಸುಣ್ಣದ ಪುಡಿಯಂತೂ ಯಂತ್ರದ ಜಾಲರಿಯಲ್ಲಿ ಬೇಗನೆ ಕಟ್ಟಿಕೊಳ್ಳುತ್ತದೆ. ಆಗಾಗ ತೊಳೆಯದೆ ಗತಿಯಿಲ್ಲ.

ಇವೆಲ್ಲ ಪರೀಕ್ಷೆ ಮೊಟ್ಟೆ ಮನೆಗೆ ಬರುವುದಕ್ಕೆ ಎರಡು ಮೂರು ದಿನ ಮುಂಚೆ, ಹಗಲೂ ರಾತ್ರಿಯೂ ಆಗಬೇಕು. ಇರುಳು ಎರಡು ಗಂಟೆಗೆ ವಿದ್ಯುತ್ತು ಹೋದರೆ ಕೋಣೆ ಎಷ್ಟು ಹೊತ್ತು ಬೆಚ್ಚಗಿರುತ್ತದೆಂಬುದನ್ನು ಬರಿಯ ಕೋಣೆಯಲ್ಲಿ ತಿಳಿಯುವುದು ಸುಲಭ. ಐವತ್ತು ಸಾವಿರ ಹುಳುಗಳನ್ನು ಇಟ್ಟುಕೊಂಡು ತಿಳಿಯುವುದು ದುಬಾರಿ.

ಎರಡನೆಯ ಜ್ವರ ಎದ್ದ ಮೇಲೆ ಹುಳುಗಳು ದೊಡ್ಡ ಹುಳುಮನೆಗೆ ಹೋಗುತ್ತವೆ. ಅಲ್ಲಿ ಕಿಟಕಿಯ ಗಾಳಿಯೇ ದೊರೆ. ಚೈತ್ರ ವೈಶಾಖದಲ್ಲಿ ಬರಿದಾದ ತಂಪು ಕೋಣೆಗೆ ಅಜ್ಜಿಯ ಹಾಸಿಗೆಯೂ ಮೊಮ್ಮಕ್ಕಳ ಚಾಪೆಯೂ ಬಂದರೆ ಅಚ್ಚರಿಯಿಲ್ಲ. ಸೊಳ್ಳೆಬತ್ತಿಯನ್ನು ಮಾತ್ರ ಅಲ್ಲಿ ಹಚ್ಚಕೂಡದು. ಅದರ ವಿಷ ಮುಂದಿನ ಬೆಳೆಯ ಮರಿಹುಳುಗಳಿಗೆ ಆಗದು.