ಫಲಿತಾಂಶದ ದಿನದ ಸಂಜೆ

ನಮ್ಮಲ್ಲಿ ಶಾಲೆಯ ವರ್ಷ ಮುಗಿಯುವುದು ಏಪ್ರಿಲ್ ತಿಂಗಳಲ್ಲಿ. ಬೆಳಿಗ್ಗೆ ಫಲಿತಾಂಶ ಓದುತ್ತಾರೆ, ಮಧ್ಯಾಹ್ನದೊಳಗೆ ಮಕ್ಕಳು ಮನೆ ಸೇರುತ್ತಾರೆ, ಸಂಜೆಯಾಯಿತೆಂದರೆ ಮನೆಯವರೂ ನೆರೆಯವರೂ ಕೇಳುವ ಪ್ರಶ್ನೆ ಒಂದೇ: “ಎಷ್ಟು ನಂಬರು ಬಂತು?” ವರ್ಷದ ಬಹು ಸೊಗಸಾದ ಸಂಜೆಯೊಂದು ಈ ಪ್ರಶ್ನೆಯಿಂದ ಕೆಟ್ಟುಹೋಗುತ್ತದೆ. ಹಾಗೆ ಕೆಡಿಸಿದವರಲ್ಲಿ ನಾನೂ ಒಬ್ಬ. ಮೇಷ್ಟರಾದ್ದರಿಂದ ಇತರರಿಗಿಂತ ಒಂದು ಕೈ ಮೇಲೆಂದೇ ಹೇಳಬೇಕು. ಆದ್ದರಿಂದ ಈ ವಿಷಯದಲ್ಲಿ ನಾಲ್ಕು ಮಾತಾಡುವ ಅಧಿಕಾರ ನನಗುಂಟೆಂದು ಭಾವಿಸಿದ್ದೇನೆ.

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ಮಗಳು ಎಂಟನೆಯ ತರಗತಿಯ ಅಂಕಪಟ್ಟಿ ಹಿಡಿದು ಬಂದಳು. ಗಣಿತದಲ್ಲಿ ನೂರಕ್ಕೆ 36. ನಾನು ಜಗಲಿಯ ಮೇಲೆ ಕುಳಿತು ಉಪದೇಶ ಆರಂಭಿಸಿದೆ. ಅವಳ ಕಣ್ಣು ತುಂಬಿತು. ಒಳಗಿನಿಂದ ನನ್ನ ತಾಯಿ ಬಂದರು. “ದೀಪ ಹಚ್ಚೋ ಹೊತ್ತಲ್ಲಿ ಮಗೂನ ಅಳಿಸಬೇಡ ಕಣೋ” ಎಂದು ನನಗೆ ಹೇಳಿ, “ಏಳು ಪುಟ್ಟೀ, ಅಂಗಳಕ್ಕೆ ನೀರು ಹಾಕೋಣ ಬಾ” ಎಂದು ಮೊಮ್ಮಗಳನ್ನು ಕರೆದುಕೊಂಡು ಹೋದರು.

ಬೇಸಗೆಯ ಸಂಜೆಯ ಸುಖ ಮೊದಲಾಗುವುದು ಈ ನೀರಿನಿಂದಲೇ. ‘ಬೇಸಗೆ’ ಎಂಬುದು ಬೇಯುವ ‘ಬೇ’ ಧಾತುವಿನ ಮನೆತನದ ಮಾತು. ‘ಬೇಗೆ’ ಅದರ ಒಡಹುಟ್ಟು. ಹಗಲೆಲ್ಲ ಬೆಂದ ನೆಲ ಸೂರ್ಯ ಇಳಿದ ಮೇಲೂ ತಾನು ಹೀರಿದ ಕಾವನ್ನು ಬಿಡುತ್ತಲೇ ಇರುತ್ತದೆ. ಅದರ ಮೇಲೆ ನೀರು ಚಿಮುಕಿಸಿದರೆ ಆ ನೀರು ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ನೆಲದಿಂದಲೇ ಸೆಳೆದುಕೊಳ್ಳುತ್ತದೆ. ಒಂದು ಲೀಟರು ತಣ್ಣೀರನ್ನು ಕುದಿ ಬರುವ ತನಕ ಕಾಯಿಸಲು ಎಷ್ಟು ಶಾಖ ಬೇಕೋ, ಅಷ್ಟು ನೀರು ಪೂರಾ ಆವಿಯಾಗಲು ಅದರ ಐದು ಪಟ್ಟಿಗೂ ಮೀರಿ ಬೇಕು. ಎರಡು ಬಿಂದಿಗೆ ನೀರಿಗೆ ಅಂಗಳ ತಣಿಯುವುದೂ ಮಣ್ಣಿನ ಹೂಜಿಯ ನೀರು ತಣ್ಣಗಿರುವುದೂ ಇದೊಂದೇ ಕಾರಣದಿಂದ. ಆಗ ಏಳುವ ಮಣ್ಣಿನ ವಾಸನೆಗೆ 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ‘ಪೆಟ್ರಿಕೋರ್’ ಎಂದು ಹೆಸರಿಟ್ಟರು. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ತಯಾರಿಸುವ ಒಂದು ವಸ್ತುವಿಗೂ ಅದರಲ್ಲಿ ಪಾಲುಂಟು. ನನ್ನ ತಾಯಿಗೆ ಆ ಹೆಸರೂ ತಿಳಿಯದು, ಲೆಕ್ಕವೂ ತಿಳಿಯದು; ಬಿಂದಿಗೆಯನ್ನು ಯಾವ ಹೊತ್ತಿಗೆ ಎತ್ತಬೇಕೆಂಬುದು ಮಾತ್ರ ತಿಳಿದಿತ್ತು.

ನೀರು ಹಾಕಿ, ಚಾಪೆ ಹಾಸಿ, ಮಲ್ಲಿಗೆ ಮೊಗ್ಗು ಬಿಡಿಸಿಕೊಂಡು ಕೂರುವಷ್ಟರಲ್ಲಿ ಕತ್ತಲೆ ಬಂದೇಬಿಟ್ಟಿತು. ‘ಸಂಜೆ’ ಸಂಸ್ಕೃತದ ‘ಸಂಧ್ಯಾ’ ಶಬ್ದದ ತದ್ಭವ. ಹಗಲೂ ಇರುಳೂ ಕೂಡುವ ಹೊತ್ತು ಎಂದರ್ಥ. ನಮ್ಮ ನಾಡಿನಲ್ಲಿ ಈ ಕೂಟ ಬಹಳ ಕಿರಿದು. ಏಪ್ರಿಲ್ 22ರಿಂದ 25ರ ಸುಮಾರಿಗೆ ಮೈಸೂರು, ಬೆಂಗಳೂರುಗಳಲ್ಲಿ ನಡುಹಗಲಿನ ಸೂರ್ಯ ನೇರ ನೆತ್ತಿಗೇ ಬರುತ್ತಾನೆ. ಅಲ್ಲಿಂದ ಬಾವಿಗೆ ಬಿಟ್ಟ ಕೊಡದಂತೆ ಹೆಚ್ಚು ಓರೆಯಿಲ್ಲದೆ ಕೆಳಕ್ಕೆ ಇಳಿಯುತ್ತಾನೆ. ಮುಳುಗಿದ 20–25 ನಿಮಿಷಗಳಲ್ಲಿ ಬಯಲಿನಲ್ಲಿ ಅಕ್ಷರ ಕಾಣದಂತಾಗುತ್ತದೆ. ಇಂಗ್ಲೆಂಡಿನಂಥ ಉತ್ತರದ ದೇಶಗಳಲ್ಲಿ ಅವನು ಓರೆಯಾಗಿ ಜಾರುವುದರಿಂದ ಅಲ್ಲಿಯ ಬೇಸಗೆಯ ಸಂಜೆ ಬಹಳ ಹೊತ್ತು ನಿಲ್ಲುತ್ತದೆ. ನಮ್ಮದು ಕಾಯುವುದಿಲ್ಲ. ಅಂಕಪಟ್ಟಿಯ ವಿಚಾರಣೆ ಮುಗಿಸಿ ಹೊರಗೆ ಬರುತ್ತೇನೆಂದರೆ ಅದು ಹೊರಟುಹೋಗಿರುತ್ತದೆ.

ಊಟ ಮುಗಿಸಿ ಮತ್ತೆ ಚಾಪೆಯ ಮೇಲೆ ಕುಳಿತಾಗ ತಾಯಿ ಪೂರ್ವದ ಕಡೆ ಕೈತೋರಿಸಿ, “ಅಗೋ ಚಿತ್ತೆ ನಕ್ಷತ್ರ” ಎಂದರು. ಮಗಳು ಕೇಳಿದಳು: “ಅಜ್ಜೀ, ಚಿತ್ತೆ ಮಳೆ ಬರೋದು ಅಕ್ಟೋಬರಲ್ಲಿ ಅಲ್ವಾ? ನಕ್ಷತ್ರ ಯಾಕೆ ಈಗ ಕಾಣುತ್ತೆ?” ಅಜ್ಜಿ ನನ್ನ ಮುಖ ನೋಡಿದರು. ಚೈತ್ರ, ವೈಶಾಖಗಳನ್ನು ಅದುವರೆಗೆ ಎಷ್ಟೋ ತರಗತಿಗಳಿಗೆ ಬಾಯಿಪಾಠ ಮಾಡಿಸಿದ್ದ ನನ್ನ ಬಾಯಿ ಕಟ್ಟಿತು.

ಉತ್ತರ ಹುಡುಕಲು ನನಗೆ ಎರಡು ದಿನ ಹಿಡಿಯಿತು. ವಿಷಯ ಇಷ್ಟೆ. ಮಳೆಗಳಿಗೆ ಹೆಸರು ಬಂದದ್ದು ಸೂರ್ಯನಿಂದ. ಸೂರ್ಯ ಯಾವ ನಕ್ಷತ್ರದಲ್ಲಿ ಇರುವನೋ ಆ ಹದಿಮೂರು ಹದಿನಾಲ್ಕು ದಿನಗಳ ಮಳೆಗೆ ಆ ನಕ್ಷತ್ರದ ಹೆಸರು. ಅಕ್ಟೋಬರಿನಲ್ಲಿ ಚಿತ್ತೆ ಸೂರ್ಯನ ಬಳಿ ಇರುವುದರಿಂದ ಅವನ ಬೆಳಕಿನಲ್ಲಿ ಮುಳುಗಿ ನಮಗೆ ಕಾಣುವುದೇ ಇಲ್ಲ. ಚಾಂದ್ರಮಾಸಗಳಿಗೆ ಹೆಸರು ಬಂದದ್ದಾದರೋ ಹುಣ್ಣಿಮೆಯ ಚಂದ್ರನಿಂದ. ಚಿತ್ತೆಯ ಬಳಿ ಚಂದ್ರ ತುಂಬುವ ತಿಂಗಳು ಚೈತ್ರ, ವಿಶಾಖೆಯ ಬಳಿ ತುಂಬುವುದು ವೈಶಾಖ. ಹುಣ್ಣಿಮೆಯ ಚಂದ್ರ ಯಾವಾಗಲೂ ಸೂರ್ಯನಿಗೆ ಎದುರು. ಆದ್ದರಿಂದ ಚಿತ್ತೆ ಮಳೆಗೂ ಚೈತ್ರ ಮಾಸಕ್ಕೂ ಅರ್ಧ ವರ್ಷದ ಅಂತರ. ಇದನ್ನು ಅಂಗಳದ ನಡುವೆ ಲಾಟೀನಿಟ್ಟು ತೋರಿಸಹೊರಟೆ. ನಾನು ಪೀಠಿಕೆ ಮುಗಿಸುವ ಮೊದಲೇ ಮಗಳು, “ಸೂರ್ಯ ಆ ಕಡೆ, ಹುಣ್ಣಿಮೆ ಚಂದ್ರ ಈ ಕಡೆ, ನಡುವೆ ನಾವು. ಅಷ್ಟೇ ತಾನೇ ಅಪ್ಪಾ?” ಎಂದಳು. ಇದು ಲೆಕ್ಕದಲ್ಲಿ 36 ತೆಗೆದ ಹುಡುಗಿಯ ಮಾತು!

ನೀವೂ ನೋಡಬಹುದು. ಏಪ್ರಿಲ್ ನಡುವಿನಲ್ಲಿ ರಾತ್ರಿ ಎಂಟೂವರೆಯ ಹೊತ್ತಿಗೆ ಈಶಾನ್ಯದ ಕಡೆ ಸಪ್ತರ್ಷಿಗಳನ್ನು ಗುರುತಿಸಿ. ಸೌಟಿನ ಹಿಡಿಯಂತಿರುವ ಮೂರು ನಕ್ಷತ್ರಗಳ ಬಾಗನ್ನು ಹಾಗೆಯೇ ಮುಂದುವರಿಸಿದರೆ ಕಿತ್ತಳೆ ಬಣ್ಣದ ಸ್ವಾತಿ ಸಿಕ್ಕುತ್ತದೆ. ಇನ್ನೂ ಮುಂದುವರಿಸಿದರೆ ಬೆಳ್ಳಗಿನ ಚಿತ್ತೆ. ಸ್ವಾತಿಯ ಬೆಳಕು ನಮ್ಮನ್ನು ಮುಟ್ಟಲು ಸುಮಾರು 37 ವರ್ಷ ಬೇಕು. ನಾನು ಹೈಸ್ಕೂಲು ಮುಗಿಸಿ, ನಂಬರು ಕಡಿಮೆಯೆಂದು ಬೈಸಿಕೊಂಡ ಕಾಲಕ್ಕೆ ಹೊರಟ ಬೆಳಕು ಈಗ ನನ್ನ ಅಂಗಳಕ್ಕೆ ಬರುತ್ತಿದೆ. ಆ ನಂಬರು ಎಷ್ಟೆಂಬುದು ನನಗೆ ಮರೆತಿದೆ.

ನನ್ನ ತಾಯಿ ಈಗಿಲ್ಲ. ಅಂಗಳಕ್ಕೆ ನೀರು ಹಾಕುವ ಕೆಲಸ ನನ್ನದಾಗಿದೆ. ಅಂಗಳವಿಲ್ಲದವರಿಗೆ ತಾರಸಿಯಾದರೂ ಸಾಕು. ಅಂಕಪಟ್ಟಿ ನಾಳೆ ಬೆಳಿಗ್ಗೆಗೂ ಹಾಗೆಯೇ ಇರುತ್ತದೆ. ಬೇಕಾದರೆ ಆಗ ಕೂತು ನೋಡಿ. ಆ ಒಂದು ಸಂಜೆ ಮಗುವಿನ ಕೈಗೆ ಒಂದು ತಂಬಿಗೆ ನೀರು ಕೊಟ್ಟು, ನೀವೂ ಜೊತೆಗೆ ಹೊರಗೆ ಬನ್ನಿ.