ಕಲಿತದ್ದನ್ನು ಮರೆಯುವ ಮಗು

ಎರಡೂವರೆ ವರ್ಷದ ಹೆಣ್ಣುಮಗುವನ್ನು ಎತ್ತಿಕೊಂಡು ತಾಯಿ ಮತ್ತು ಅಜ್ಜಿ ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ವರ್ಷ ತುಂಬಿದ ಮೇಲೂ ಕೆಲವು ತಿಂಗಳು ಮಗು ಚೆನ್ನಾಗಿಯೇ ಇತ್ತಂತೆ. 'ಅಮ್ಮ', 'ತಾತ' ಎನ್ನುತ್ತಿತ್ತು. ತಟ್ಟೆಯಲ್ಲಿನ ಮಂಡಕ್ಕಿಯನ್ನು ಒಂದೊಂದಾಗಿ ಆರಿಸಿ ತಿನ್ನುತ್ತಿತ್ತು. ಕ್ರಮೇಣ ಮಾತು ನಿಂತಿತು, ಆಟಿಕೆ ಹಿಡಿಯುವುದೂ ನಿಂತಿತು. ಈಗ ಎಚ್ಚರವಿರುವಷ್ಟು ಹೊತ್ತೂ ಕೈ ತೊಳೆಯುವಂತೆ ಎರಡೂ ಕೈಗಳನ್ನು ಹೊಸೆಯುತ್ತಲೇ ಇರುತ್ತದೆ.

"ಗ್ರಹಣದ ದಿನ ಹೊರಗೆ ಕಾಲಿಡಬೇಡ ಅಂದಿದ್ದೆ ಡಾಕ್ಟ್ರೇ, ಇವಳು ಕೇಳಲಿಲ್ಲ" ಎಂದರು ಅಜ್ಜಿ. ಸೊಸೆ ತಲೆ ಎತ್ತಲಿಲ್ಲ.

ನನಗೆ ಅನುಮಾನ ಬಂದು ಮಕ್ಕಳ ನರರೋಗ ತಜ್ಞರಲ್ಲಿಗೆ ಕಳುಹಿಸಿದೆ. ರಕ್ತದ ಜೀನ್ ಪರೀಕ್ಷೆಯಿಂದ ಅದು 'ರೆಟ್ ಸಿಂಡ್ರೋಮ್' ಎಂದು ಖಚಿತವಾಯಿತು. ಸುಮಾರು 10,000 ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ ಬರುವ ಕಾಯಿಲೆ ಇದು.

ಹೆಸರು ಸಿಕ್ಕ ಬಗೆ

1954ರಲ್ಲಿ ವಿಯೆನ್ನಾ ನಗರದ ಮಕ್ಕಳ ವೈದ್ಯ ಆಂದ್ರೆಯಾಸ್ ರೆಟ್ ತಮ್ಮ ಕೊಠಡಿಯ ಹೊರಗೆ ಕಾಯುತ್ತಿದ್ದ ಇಬ್ಬರು ತಾಯಂದಿರನ್ನು ಕಂಡರು. ಇಬ್ಬರ ಮಡಿಲಲ್ಲೂ ಹೆಣ್ಣುಮಗು, ಎರಡೂ ಒಂದೇ ರೀತಿ ಕೈ ಹೊಸೆಯುತ್ತಿದ್ದವು. ಅವರು 1966ರಲ್ಲಿ ಜರ್ಮನ್ ಭಾಷೆಯಲ್ಲಿ ಬರೆದ ಲೇಖನ ಹೆಚ್ಚಿನವರ ಗಮನಕ್ಕೆ ಬರಲಿಲ್ಲ. 1983ರಲ್ಲಿ ಸ್ವೀಡನ್ನಿನ ಬೆಂಗ್ಟ್ ಹಾಗ್‌ಬರ್ಗ್ ಮತ್ತು ಸಂಗಡಿಗರು ಇಂತಹ 35 ಹುಡುಗಿಯರ ವಿವರವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದಾಗಲೇ ವೈದ್ಯಲೋಕ ಎಚ್ಚೆತ್ತದ್ದು.

ಅದೇ ವರ್ಷ ಅಮೆರಿಕದ ಹ್ಯೂಸ್ಟನ್ನಿನಲ್ಲಿ ಲೆಬನಾನ್ ಮೂಲದ ಹುದಾ ಜೋಗ್ಬಿ ಮಕ್ಕಳ ನರರೋಗದಲ್ಲಿ ತರಬೇತಿ ಪಡೆಯುತ್ತಿದ್ದರು. ಮೂವತ್ತು ದಾಟದ ಈ ತರುಣ ವೈದ್ಯೆಯ ಬಳಿ ಇಂಥದೇ ಒಂದು ಮಗು ಬಂತು, ಸ್ವಲ್ಪ ದಿನಗಳಲ್ಲೇ ಇನ್ನೊಂದು. ರೋಗದ ಹೆಸರು ಹೇಳಬಹುದಿತ್ತು, ಕಾರಣ ಹೇಳುವಂತಿರಲಿಲ್ಲ. ಅದನ್ನು ಹುಡುಕಲೆಂದೇ ಅವರು ಸಂಶೋಧನೆಗೆ ಇಳಿದರು. ಒಂದು ಮನೆಯಲ್ಲಿ ಸಾಮಾನ್ಯವಾಗಿ ಒಂದೇ ಮಗುವಿಗೆ ಬರುವ ರೋಗಕ್ಕೆ ಜೀನ್ ದೋಷ ಹೇಗೆ ಕಾರಣವಾದೀತು ಎಂದು ಅನೇಕರು ಸಂಶಯಪಟ್ಟರು. ಅವರು ಬಿಡಲಿಲ್ಲ. ಅಕ್ಕತಂಗಿಯರಿಬ್ಬರಿಗೂ ರೋಗವಿದ್ದ ಅಪರೂಪದ ಕುಟುಂಬಗಳು ದಾರಿ ತೋರಿದವು. 1999ರಲ್ಲಿ, ಅಂದರೆ 16 ವರ್ಷಗಳ ನಂತರ, ಅವರ ಪ್ರಯೋಗಾಲಯದ ಕಿರಿಯ ಸಂಶೋಧಕಿ ರೂತಿ ಅಮಿರ್ ಎಕ್ಸ್ ವರ್ಣತಂತುವಿನಲ್ಲಿ ದೋಷ ಪತ್ತೆ ಮಾಡಿದರು. ಆ ಜೀನಿನ ಹೆಸರು ಎಂಇಸಿಪಿ2.

ಕೆರೆಯ ನೀರನ್ನು ಯಾವ ಗದ್ದೆಗೆ ಎಷ್ಟು ಬಿಡಬೇಕೆಂದು ನೀರಗಂಟಿ ನೋಡಿಕೊಳ್ಳುತ್ತಾನಲ್ಲ, ಹಾಗೆ ಈ ಜೀನ್ ತಯಾರಿಸುವ ಪ್ರೋಟೀನು ಮೆದುಳಿನ ನರಕೋಶಗಳಲ್ಲಿ ಇತರ ಜೀನುಗಳ ಕೆಲಸವನ್ನು ಹತೋಟಿಯಲ್ಲಿಡುತ್ತದೆ. ಅದು ತಪ್ಪಿದರೆ ಮೆದುಳಿನ ಬೆಳವಣಿಗೆ ಹದಗೆಡುತ್ತದೆ.

ತಾಯಿಯ ತಪ್ಪಲ್ಲ

ಈ ದೋಷ ಬಹುಪಾಲು ಮಕ್ಕಳಲ್ಲಿ ಹೊಸದಾಗಿ, ಆಕಸ್ಮಿಕವಾಗಿ ಹುಟ್ಟುವಂಥದು. ಗ್ರಹಣ, ದೃಷ್ಟಿ, ಬಸುರಿನಲ್ಲಿ ತಿಂದ ಪಪ್ಪಾಯಿ, ಇವಾವುದರಿಂದಲೂ ಬರುವುದಿಲ್ಲ. ಮುಂದಿನ ಮಗುವಿಗೂ ಬರುವ ಸಂಭವ ತೀರ ಕಡಿಮೆ. ಆದರೂ ಇನ್ನೊಂದು ಮಗು ಬಯಸುವವರು ಮೊದಲೇ ತಜ್ಞರ ಸಲಹೆ ಪಡೆಯಬೇಕು.

ಚಿಕಿತ್ಸೆ ಇದೆಯೇ? 2007ರಲ್ಲಿ ಎಡಿನ್‌ಬರೋದ ಏಡ್ರಿಯನ್ ಬರ್ಡ್ ಅವರ ತಂಡ, ರೋಗವಿದ್ದ ಇಲಿಗಳಲ್ಲಿ ಇದೇ ಜೀನನ್ನು ಮತ್ತೆ ಚಾಲೂ ಮಾಡಿದಾಗ ಲಕ್ಷಣಗಳು ಬಹುಮಟ್ಟಿಗೆ ಇಳಿದವು. ಅಂದರೆ ನರಕೋಶಗಳು ಸತ್ತಿರುವುದಿಲ್ಲ. 2023ರಲ್ಲಿ ಅಮೆರಿಕ 'ಟ್ರೋಫಿನೆಟೈಡ್' ಎಂಬ ಔಷಧಿಗೆ ಒಪ್ಪಿಗೆ ಕೊಟ್ಟಿತು. ಅದು ಕೆಲವು ಲಕ್ಷಣಗಳನ್ನು ತಗ್ಗಿಸುತ್ತದೆ, ಪೂರ್ಣ ಗುಣಪಡಿಸುವುದಿಲ್ಲ. ಜೀನ್ ಚಿಕಿತ್ಸೆಯಿನ್ನೂ ಪ್ರಯೋಗದ ಹಂತದಲ್ಲಿದೆ. ದೊಡ್ಡ ಮೊತ್ತ ಕೇಳಿ "ಪೂರ್ತಿ ವಾಸಿ ಮಾಡುತ್ತೇವೆ" ಎನ್ನುವವರನ್ನು ನಂಬಬೇಡಿ. ಅಪಸ್ಮಾರಕ್ಕೆ ಔಷಧಿ, ಫಿಸಿಯೋಥೆರಪಿ, ಪೌಷ್ಟಿಕ ಆಹಾರ, ಬೆನ್ನು ಬಾಗದಂತೆ ನಿಗಾ, ಕಣ್ಣೋಟದಿಂದ ಸಂವಹನ ಕಲಿಸುವುದು, ಇವು ಇಂದೇ ಮಾಡಬಹುದಾದ ಕೆಲಸಗಳು.

ಕಲಿತ ಮಾತು, ನಡಿಗೆ ಅಥವಾ ಕೈಕೆಲಸವನ್ನು ಮಗು ಮರೆಯುತ್ತಿದ್ದರೆ "ದೊಡ್ಡದಾದ ಮೇಲೆ ಸರಿಹೋಗುತ್ತದೆ" ಎಂದು ಕಾಯಬೇಡಿ. ಇಂತಹ ಹಿನ್ನಡೆಗೆ ಬೇರೆ ಕಾರಣಗಳೂ ಇವೆ, ಕೆಲವಕ್ಕೆ ಬೇಗ ಚಿಕಿತ್ಸೆ ಸಿಕ್ಕರೆ ಹೆಚ್ಚು ಪ್ರಯೋಜನ. ಮಗುವಿನ ಹಳೆಯ ಫೋಟೊ, ವಿಡಿಯೊಗಳನ್ನು ಜೊತೆಗೆ ಒಯ್ಯಿರಿ.

ವರದಿ ತೋರಿಸಲು ಬಂದಾಗ ಅಜ್ಜಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಹೊರಡುವಾಗ ಸೊಸೆಯ ಕೈಯಿಂದ ಮಗುವನ್ನು ತಾವೇ ಎತ್ತಿಕೊಂಡರು.